ತೊಟ್ಟಿಲ ಮೇಲಿನ ಹೆಸರು

ತೊಟ್ಟಿಲಿಗೆ ಬಣ್ಣ ಹಚ್ಚುವ ಕೆಲಸ ಕಲಿಯಲು ಮತ್ತೆ ನಾಲ್ಕಾರು ಹುಡುಗ ಹುಡುಗಿಯರು ಮುಂದೆ ಬಂದಿದ್ದಾರೆಂದು ಕೇಳಿ ನನಗೆ ಬಹಳ ಖುಷಿಯಾಗಿದೆ. ಅವರಲ್ಲೊಬ್ಬಳು ಹೋದ ವಾರ ಮನೆಗೇ ಬಂದಳು. ಚಹಾ ಕುಡಿದು, ನೀವು ತೊಟ್ಟಿಲ ಮೇಲೆ ಹೆಸರು ಬರೆಯುತ್ತಿದ್ದಿರಂತೆ, ಹೇಗೆ ಬರೆಯುತ್ತಿದ್ದಿರಿ ಹೇಳಿ ಎಂದು ಪಟ್ಟಾಗಿ ಕುಳಿತಳು. ಕೈ ಈಗ ನಡುಗುತ್ತದೆ, ಬರೆದು ತೋರಿಸಲು ಆಗುವುದಿಲ್ಲ. ಹೇಳಲಿಕ್ಕೇನು, ಬೇಕಾದಷ್ಟು ಹೇಳಬಲ್ಲೆ. ಅಂಗಡಿಯಲ್ಲಿ ನಾನು ಹಿರಿಯ ಚಿತ್ರಗಾರ ಯಾವಾಗ ಆದೆ, ಯಾರು ಯಾವ ವೇದಿಕೆಯ ಮೇಲೆ ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಆ ಶಾಲು ಟ್ರಂಕಿನಲ್ಲಿದೆ, ನುಸಿ ತಿಂದಿರಬೇಕು.

ಒಂದು ಮಾತನ್ನು ಮಾತ್ರ ಮೊದಲೇ ಹೇಳುತ್ತೇನೆ, ಜಂಬ ಅಂದರೆ ಅನ್ನಿ. ಕಲಘಟಗಿಯಿಂದ ಗುಡಗೇರಿಯವರೆಗೆ ತೊಟ್ಟಿಲ ಮೇಲೆ ಹೆಣ್ಣುಮಗುವಿನ ಹೆಸರು ಬರೆಸಬೇಕೆಂದರೆ ಜನ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ದೇವರ ಚಿತ್ರ ಬರೆಯುವವರು ನನಗಿಂತ ಚಲೋ ಇದ್ದರು. ಹೆಸರಿನಲ್ಲಿ ನನ್ನ ಸರಿಸಮ ಯಾರೂ ಇರಲಿಲ್ಲ.

ನನಗೆ ಕೆಲಸ ಕಲಿಸಿದವರು ಕಾಳಪ್ಪಜ್ಜ. ಕಲಘಟಗಿಯ ಅಂಗಡಿ ಅವರದೇ. ಸಾಗವಾನಿ ಕಟ್ಟಿಗೆಯ ವಾಸನೆ, ಅರಗು ಕಾಯಿಸುವ ಇದ್ದಿಲಿನ ಒಲೆ, ಅದರ ಮುಂದೆ ಕಾಲು ಚಾಚಿಕೊಂಡು ಕುಳಿತ ಅಜ್ಜ. ನಾನು ಬಮ್ಮಿಗಟ್ಟಿಯಿಂದ ಬಂದು ಅವರ ಕೈಕೆಳಗೆ ಸೇರಿದಾಗ ಮೀಸೆ ಆಗಷ್ಟೇ ಮೂಡಿತ್ತು. ಮೊದಲ ಗಿಳಿ ಬರೆದು ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಲೇ ಮಾನ್ಯಾ, ಇದಕ್ಕ ಹಸರ ಬಣ್ಣ ಹಚ್ಚಿದ್ದಕ್ಕ ಗಿಳಿ ಅಂತ ತಿಳೀತು. ಇಲ್ಲಂದ್ರ ಕೋಳಿ ಅಂತಿದ್ನಿ.”

ಬಯ್ಯುವುದರಲ್ಲಿ ಅವರು ಎಂದೂ ಜಿಪುಣತನ ಮಾಡಲಿಲ್ಲ. ಹೊಗಳಬೇಕಾದಾಗ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಹಾಗೆ ಎದ್ದು ಹೋದರೆ ಕೆಲಸ ಪಾಸಾಯಿತೆಂದು ನಾವು ತಿಳಿಯಬೇಕು. ನನ್ನ ಗಿಳಿಗೆ ಅವರು ಎದ್ದು ಹೋಗಲು ಬಹಳ ಕಾಲ ಹಿಡಿಯಿತು.

ಆಗಿನ ತೊಟ್ಟಿಲುಗಳಲ್ಲಿ ದೇವರು ಮಾತ್ರ ಇರುತ್ತಿದ್ದರು. ಕೆಲವರಿಗೆ ಕೃಷ್ಣ, ಕೆಲವರಿಗೆ ರಾಮ, ಶಿವಭಕ್ತರ ಮನೆತನದವರಿಗೆ ನಂದಿ, ಲಿಂಗ, ಗಣಪತಿ. ಮಗುವಿನ ಹೆಸರು ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಹೆಸರು ಬರೆಸುವ ಹುಚ್ಚು ಬಂದದ್ದು ಎಂಬತ್ತರ ದಶಕ ಹೊಕ್ಕ ಮೇಲೆ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಡಬ್ಬಿಯ ಎಣ್ಣೆ ಬಣ್ಣವೂ ಬಂತು. ಅರಗಿನ ಬಣ್ಣ ಕಾಯಿಸಬೇಕು, ತಿಕ್ಕಬೇಕು, ಕೇದಗಿ ಗರಿಯಿಂದ ಉಜ್ಜಿ ಹೊಳಪು ತರಬೇಕು, ಕೈಯೆಲ್ಲ ಬೊಬ್ಬೆ. ಡಬ್ಬಿಯ ಬಣ್ಣಕ್ಕೆ ಮುಚ್ಚಳ ತೆಗೆದರೆ ಆಯಿತು. ನಾವು ಕಿರಿಯರೆಲ್ಲ ಅದರ ಹಿಂದೆ ಬಿದ್ದೆವು.

ಅದರ ರುಚಿ ನಮಗೆ ಗುಡಗೇರಿ ಸ್ಟೇಶನ್ನಿನಲ್ಲಿ ಗೊತ್ತಾಯಿತು. ಅಲ್ಲಿಯ ಅಡತಿ ವ್ಯಾಪಾರಿಯೊಬ್ಬರ ಮನೆಗೆ ತೊಟ್ಟಿಲು ಹೋಗಬೇಕಿತ್ತು, ಗಡಿಬಿಡಿಯಲ್ಲಿ ಹಿಂದಿನ ದಿನವಷ್ಟೇ ಎಣ್ಣೆ ಬಣ್ಣ ಹಚ್ಚಿದ್ದೆವು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇತ್ತು. ಹುಬ್ಬಳ್ಳಿಯಿಂದ ಬರುವ ರೈಲಿನಲ್ಲಿ ಅದಕ್ಕೆ ಆನಿಸಿ ಜೋಳದ ಚೀಲಗಳನ್ನು ಪೇರಿಸಿದ್ದರು. ಇಳಿಸಿ ನೋಡಿದರೆ ತೊಟ್ಟಿಲ ಮೇಲೆ ಬರೆದ ಹನುಮಪ್ಪನ ಗಲ್ಲದ ಮೇಲೆ ಗೋಣಿತಾಟಿನ ಹೆಣಿಗೆ ಅಚ್ಚೊತ್ತಿದಂತೆ ಮೂಡಿತ್ತು. ನಾನು ಪ್ಲಾಟ್‌ಫಾರ್ಮಿನ ಮೇಲೆಯೇ ಕುಳಿತು ತಿದ್ದಲು ನೋಡಿದೆ, ಇನ್ನೂ ಕೆಟ್ಟಿತು. ಆ ಮನೆಯ ಯಜಮಾನತಿ ಗಿರಿಜವ್ವ ದೊಡ್ಡ ಗಂಟಲಿನ ಹೆಣ್ಣುಮಗಳು. ಹನುಮಪ್ಪಗ ಮೈಲಿಬ್ಯಾನಿ ಬಂದೈತೇನ್ರಿ ಎಂದು ಕೇಳಿ ಇಡೀ ಸ್ಟೇಶನ್ನನ್ನು ನಗಿಸಿದರು. ತೊಟ್ಟಿಲು ವಾಪಸು ಒಯ್ದು ಅರಗಿನಲ್ಲೇ ಮಾಡಿಕೊಟ್ಟೆವು. ಅವತ್ತಿನಿಂದ ದೇವರಿಗೆ ಅರಗು, ಹೆಸರಿಗೆ ಮಾತ್ರ ಡಬ್ಬಿ ಎಂದು ಅಂಗಡಿಯಲ್ಲಿ ಠರಾವಾಯಿತು. ಈ ಗಿರಿಜವ್ವ ಮುಂದೆ ಮತ್ತೆ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಹೆಸರು ಬರೆಯುವುದಕ್ಕಂತೂ ಕಾಳಪ್ಪಜ್ಜ ಮೊದಮೊದಲು ಒಪ್ಪಿರಲೇ ಇಲ್ಲ. ಯಾಕೆಂದು ತಿಳಿಯಬೇಕಾದರೆ ನಮ್ಮ ಕಡೆ ತೊಟ್ಟಿಲು ಶಾಸ್ತ್ರ ಹೇಗೆ ನಡೆಯುತ್ತದೆಂದು ಗೊತ್ತಿರಬೇಕು. ತವರುಮನೆಯಿಂದ ಬಂದ ತೊಟ್ಟಿಲನ್ನು ಜಂತಿಗೆ ತೂಗುಬಿಡುತ್ತಾರೆ. ಮೊದಲು ಗುಂಡಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಮಗುವನ್ನು ಮಲಗಿಸುತ್ತಾರೆ. ಆಗ ಸೋದರತ್ತೆ, ಅಂದರೆ ಮಗುವಿನ ಅಪ್ಪನ ಅಕ್ಕನೋ ತಂಗಿಯೋ, ಬಗ್ಗಿ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುತ್ತಾಳೆ. ಹೇಳಿದಳೋ ಇಲ್ಲವೋ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರಿಟ್ಟವಳಿಗೆ ಗುದ್ದು ಬೀಳಲೇಬೇಕು, ಅದೇ ಅವಳ ಮರ್ಯಾದೆ. ಎಷ್ಟು ಜೋರಾಗಿ ಬಿತ್ತೋ ಅಷ್ಟು ದಿನ ಹೇಳಿಕೊಂಡು ತಿರುಗುತ್ತಾಳೆ. ಅತ್ತೆಯ ಬಾಯಿಂದ ಬರುವವರೆಗೆ ಹೆಸರು ಹುಟ್ಟಿಲ್ಲ. ಹುಟ್ಟದ ಹೆಸರನ್ನು ಕಟ್ಟಿಗೆಯ ಮೇಲೆ ಬರೆಯುವವ ನಾನು ಯಾರು ಎಂಬುದು ಅಜ್ಜನ ಪ್ರಶ್ನೆ.

ಇದಕ್ಕೆ ಉಪಾಯ ಹುಡುಕಿದವ ನಾನು. ತೊಟ್ಟಿಲ ತಲೆಯ ಕಡೆ ಒಂದು ಗೇಣಗಲದ ಬೇರೆ ಹಲಗೆ, ಹಿಂದೆ ಎರಡು ಗೂಟ. ಬೇಕಾದಾಗ ಸಿಕ್ಕಿಸಬಹುದು, ಬೇಕಾದಾಗ ತೆಗೆಯಬಹುದು. ಶಾಸ್ತ್ರದ ದಿನ ಖಾಲಿ ಹಲಗೆ, ಬಣ್ಣದ ಡಬ್ಬಿ, ಕುಂಚ ತೆಗೆದುಕೊಂಡು ನಾನೇ ಮನೆಗೆ ಹೋಗುವುದು. ಅತ್ತೆ ಹೆಸರು ಹೇಳಿದ ಕೂಡಲೇ ಬರೆದು ಸಿಕ್ಕಿಸಿ ಬರುವುದು. ಮುಂದಿನ ಮಗುವಿಗೆ ಅದೇ ತೊಟ್ಟಿಲು, ಹೊಸ ಹಲಗೆ. ಇದನ್ನು ಹೇಳಿದಾಗ ಅಜ್ಜ ಎದ್ದು ಹೊರಗೆ ಹೋದರು. ಆ ದಿನ ನಾನು ಊಟ ಮಾಡಲಿಲ್ಲ, ಹೊಟ್ಟೆ ತುಂಬಿಬಿಟ್ಟಿತ್ತು.

ಹೀಗಾಗಿ ಹೆಂಗಸರೇ ತುಂಬಿದ ಶಾಸ್ತ್ರದಲ್ಲಿ ಕೂರುವ ಒಬ್ಬನೇ ಗಂಡಸು ನಾನಾದೆ. ಗೋಡೆಗೆ ಮುಖ ಮಾಡಿ ಕುಳಿತರೂ ಬಿಡುತ್ತಿರಲಿಲ್ಲ. ಚಿತ್ರಗಾರ್ರ, ನಿಮ್ಮ ಮನ್ಯಾಗ ತೊಟ್ಲಾ ಯಾವಾಗ ಕಟ್ತೀರಿ ಎಂದು ಕೇಳುವವರು ಕೆಲವರು, ಮದುವೆಯಾಗದವನಿಗೆ ತಮ್ಮ ತಂಗಿಯನ್ನು ತೋರಿಸುವವರು ಕೆಲವರು. ಕಾಳು ಬೇಯಿಸಿ ಹಂಚುವ ಗುಗ್ಗರಿ ಮಾತ್ರ ನನಗೆ ಯಾವಾಗಲೂ ಎರಡು ಮುಷ್ಟಿ ಹೆಚ್ಚು ಸಿಗುತ್ತಿತ್ತು.

ಅಲ್ಲಿ ಕುಳಿತೇ ನಾನು ಹೆಸರು ಬದಲಾಗುವುದನ್ನು ಕೇಳಿದೆ. ಅಜ್ಜಿಯರೆಲ್ಲ ಬಸವ್ವ, ನೀಲವ್ವ, ಗಂಗವ್ವ, ಫಕ್ಕೀರವ್ವ. ಸೊಸೆಯಂದಿರಲ್ಲಿ ಅರ್ಧ ಹಳಬರು, ಅರ್ಧ ಹೊಸಬರು. ತೊಟ್ಟಿಲಲ್ಲಿ ಮಲಗಿದವರು ಮಾತ್ರ ಸವಿತಾ, ಕವಿತಾ, ಅನಿತಾ, ಲಲಿತಾ, ಸುಜಾತಾ, ಸಂಗೀತಾ. ಸಾಲಿಯಲ್ಲಿ ಪಾಠ ಹೇಳುವ ಬಾಯಾರ ಹೆಸರು, ದವಾಖಾನೆಯ ನರ್ಸಬಾಯಿಯ ಹೆಸರು ಹಾಗಿರುತ್ತಿದ್ದವು, ತಮ್ಮ ಮಗಳೂ ಹಾಗೇ ಆಗಲಿ ಎಂಬ ಆಸೆ. ಅದಕ್ಕಿಂತ ಹೆಚ್ಚಾಗಿ ದನಿ. ಕುಂದಗೋಳದ ಒಂದು ಮನೆಯಲ್ಲಿ ಒಬ್ಬ ಮುದುಕಿ ಸೊಸೆ ಆರಿಸಿದ ಹೆಸರನ್ನು ಒಪ್ಪಲಾರದೆ ಹೊಸ್ತಿಲಿಗೆ ಹೋಗಿ ನಿಂತು, ದನದ ಕೊಟ್ಟಿಗೆಯವರೆಗೆ ಕೇಳುವಂತೆ ಅನಿತಾ ಎಂದು ಕೂಗಿ ನೋಡಿದಳು. ಹೆಸರಿನ ಕಡೆಯ ತಾಕ್ಕೆ ಬಂದಾಗ ಬಾಯಿ ತೆರೆದೇ ಇರುತ್ತದೆ, ದನಿ ದೂರ ಹೋಗುತ್ತದೆ. ಅತ್ತ ಕಡೆಯಿಂದ ಕೆಲಸದಾಳು ಓ ಅಂದ. ಮುದುಕಿ ಒಳಗೆ ಬಂದು, ಅಡ್ಡಿ ಇಲ್ಲ, ಸಂಜೀಕ ಕರಿಯಾಕ ಬರತೈತಿ ಎಂದು ಒಪ್ಪಿಕೊಂಡಳು. ಒಂದೇ ಮನೆಯ ಅಕ್ಕತಂಗಿಯರಿಗಂತೂ ಒಂದೇ ದನಿ ಇರಲೇಬೇಕು. ಸಂಜೆ ಹೊಸ್ತಿಲಲ್ಲಿ ನಿಂತು ಸವಿತಾ ಎಂದು ಶುರು ಮಾಡಿದರೆ ಕೊನೆಯ ಮಗಳವರೆಗೆ ಒಂದೇ ಉಸಿರಿನಲ್ಲಿ ಹೋಗಬೇಕು.

ಹತ್ತು ಹೆಸರಿನಲ್ಲಿ ಎಂಟರ ಕಡೆಗೆ ತಾ ಬರುತ್ತದೆಂದ ಮೇಲೆ ಕೆಲಸಗಾರ ಸುಮ್ಮನೆ ಕೂರುತ್ತಾನೆಯೇ? ನಾನು ಅಂಗಡಿಯಲ್ಲೇ ಹಲಗೆಯ ಬಲತುದಿಗೆ ತಾ ಬರೆದಿಡಲು ಶುರು ಮಾಡಿದೆ. ಶಾಸ್ತ್ರದ ಮನೆಯಲ್ಲಿ ಗಡಿಬಿಡಿ, ಬೆಳಕು ಕಡಿಮೆ, ಕೈಯ ಮೇಲೆ ಹುಡುಗರು ಬೀಳುತ್ತಾರೆ. ಅಂಗಡಿಯಲ್ಲಿ ಆರಾಮಾಗಿ ಕುಳಿತು ಬರೆದರೆ ಅದರ ಸೊಗಸೇ ಬೇರೆ. ಅಂಚಿಗೆ ಬಂಗಾರದ ಬಣ್ಣ, ಹೊರಗೆ ಬಾಗಿದ ದೀರ್ಘದ ತುದಿಯ ಮೇಲೆ ಒಂದು ಗಿಳಿ. ಮನೆಗೆ ಹೋದ ಮೇಲೆ ಎಡಕ್ಕೆ ಉಳಿದದ್ದನ್ನು ತುಂಬಿದರೆ ಮುಗಿಯಿತು. ಜನ ಆ ತಾ ನೋಡಲೆಂದೇ ಅಂಗಡಿಗೆ ಬರುತ್ತಿದ್ದರು. ಕಾಳಪ್ಪಜ್ಜ ಅಷ್ಟರಲ್ಲಿ ಕಣ್ಣು ಮಂಜಾಗಿ ಮನೆ ಹಿಡಿದಿದ್ದರು. ಹೋಗಿ ಹೇಳಿದೆ. ಅವರು ಎದ್ದು ಹೊರಗೆ ಹೋಗಲಿಲ್ಲ. “ಹೆಸರ ಮೊದಲ ಕಿವಿಗೆ ಹೋಗಬೇಕಲೇ” ಎಂದರು, ಅಷ್ಟೇ. ವಯಸ್ಸಾಯಿತು, ಹೊಸದು ಸೇರುವುದಿಲ್ಲ ಎಂದುಕೊಂಡು ಬಂದೆ.

ಇನ್ನು ದುಮ್ಮವಾಡದ ಕಥೆ. ಗುಡಗೇರಿಯ ಗಿರಿಜವ್ವನ ಮಗಳನ್ನು ಕೊಟ್ಟದ್ದು ದುಮ್ಮವಾಡದ ಶಿವಪ್ಪ ಎಂಬ ರೈತನಿಗೆ. ಮೊದಲ ಎರಡು ಬಾಣಂತನ ತವರಿನಲ್ಲೇ ಆದವು. ಆ ಶಾಸ್ತ್ರಗಳಿಗೂ ನಾನೇ ಹೋಗಿದ್ದೆ. ಸವಿತಾ ಎಂದು ಒಮ್ಮೆ, ಕವಿತಾ ಎಂದು ಒಮ್ಮೆ ಬರೆದು ಬಂದಿದ್ದೆ. ಎರಡು ಸಲವೂ ಮಗುವಿನ ಕಿವಿಯಲ್ಲಿ ಹೆಸರು ಹೇಳಿದವರು ಗಿರಿಜವ್ವನ ಸೊಸೆ. ಶಿವಪ್ಪನಿಗೆ ನಿಂಗವ್ವ ಎಂಬ ಒಬ್ಬಳೇ ಅಕ್ಕ ಇದ್ದಳು, ಬಮ್ಮಿಗಟ್ಟಿಗೆ ಕೊಟ್ಟಿದ್ದರು. ಅವರವ್ವ ಬೇಗ ತೀರಿಕೊಂಡಾಗ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ಅವಳಿಗೆ ಮಕ್ಕಳಾಗಿರಲಿಲ್ಲ. ಗುಡಗೇರಿಯಿಂದ ಎರಡೂ ಸಲ ಅವಳಿಗೆ ಕರೆಯುವ ಹೇಳಿಕೆ ಹೋದದ್ದು ಶಾಸ್ತ್ರ ಮುಗಿದ ಮೇಲೆ. ನಮ್ಮೂರಿಗೆ ಸೊಸೆಯಾಗಿ ಬಂದವಳಾದ್ದರಿಂದ ಆಕೆಯ ಸಂಕಟ ನನ್ನ ಅವ್ವನ ಬಾಯಿಂದ ನನಗೆ ಗೊತ್ತಿತ್ತು. ಆಕೆ ಯಾರ ಮುಂದೆಯೂ ತಕರಾರು ಮಾಡಿರಲಿಲ್ಲ. ಮೂರನೆಯದು ಬರಲಿ, ಹೆಸರು ನಾನೇ ಇಡುತ್ತೇನೆ ಎಂದಷ್ಟೇ ಹೇಳುತ್ತಿದ್ದಳಂತೆ.

ಮೂರನೆಯದೂ ಹೆಣ್ಣಾಯಿತು. ಕಲಘಟಗಿಯ ದವಾಖಾನೆಯಲ್ಲಿ ಹೆರಿಗೆ, ಅಲ್ಲಿಯೇ ಮಕ್ಕಳಾಗದ ಆಪರೇಶನ್ನನ್ನೂ ಮಾಡಿಸಿದರು. ಇನ್ನು ಆ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಇದೇ ಕಡೆಯದು. ಬಾಣಂತಿ ಗಂಡನ ಮನೆಯಲ್ಲೇ ಉಳಿದದ್ದರಿಂದ ಶಾಸ್ತ್ರ ದುಮ್ಮವಾಡದಲ್ಲಿ ಇಟ್ಟುಕೊಂಡರು. ಗಿರಿಜವ್ವ ಎಂಟು ದಿನ ಮುಂಚೆ ಅಂಗಡಿಗೆ ಬಂದು, ಸುನೀತಾ ಅಂತ ಠರಾವಾಗಿದೆ, ತಾ ಮಾತ್ರ ಎಲ್ಲರಿಗಿಂತ ಭಾರಿ ಆಗಬೇಕು ಎಂದು ಹೇಳಿ ಹೋದರು. ನಾನು ಮೈಮರೆತು ಬರೆದೆ. ಆ ಗಿಳಿಯ ಒಂದೊಂದು ಗರಿಯನ್ನೂ ಬೇರೆ ಬೇರೆ ಬಿಡಿಸಿದ್ದೆ. ಅಷ್ಟು ಚಂದದ ಗಿಳಿಯನ್ನು ನಾನು ಅದಕ್ಕೂ ಮುಂಚೆ ಬರೆದಿರಲಿಲ್ಲ.

ಶಾಸ್ತ್ರದ ದಿನ ಹಲಗೆಗೆ ಅರಿವೆ ಸುತ್ತಿ ಮೂಲೆಯಲ್ಲಿಟ್ಟು ಕುಳಿತಿದ್ದೆ. ಗಿರಿಜವ್ವನಿಗೆ ತಡೆಯಲಾಗಲಿಲ್ಲ. ಅರಿವೆ ಬಿಚ್ಚಿ ಹಲಗೆಯನ್ನು ತೊಟ್ಟಿಲಿಗೆ ಆನಿಸಿ, ಬಂದವರಿಗೆಲ್ಲ ತೋರಿಸತೊಡಗಿದರು. ಅದೇ ಹೊತ್ತಿಗೆ ನಿಂಗವ್ವ ಬಂದಳು. ಇಳಕಲ್ಲ ಸೀರೆ, ಕೈತುಂಬ ಹಸಿರು ಬಳೆ, ಮಗುವಿನ ತಲೆಗೆಂದು ತಾನೇ ಖಣದಲ್ಲಿ ಹೊಲಿದ ಕುಂಚಿಗೆ. ಮುಖದಲ್ಲಿ ಅಂಥ ಕಳೆ ಇತ್ತು ಅಂದರೆ ನಾನು ಗೋಡೆಯ ಕಡೆ ತಿರುಗುವುದನ್ನು ಮರೆತು ನೋಡಿದೆ. ಗುಂಡಕಲ್ಲು ತೂಗಿದ್ದಾಯಿತು, ಮಗುವನ್ನು ಮಲಗಿಸಿದ್ದಾಯಿತು. ಗಿರಿಜವ್ವ ಆಕೆಯನ್ನು ಮುಂದೆ ಕರೆದು, ಸುನೀತಾ ಅಂತ ಆಗೈತಿ, ನೀ ಕುರ್‍ರ್ ಅಂದುಬಿಡವಾ ಎಂದರು.

ನಿಂಗವ್ವನ ಕಣ್ಣು ಹಲಗೆಯ ಮೇಲೆ ಹೋಯಿತು. ಓದು ಬಾರದು, ಆದರೆ ಬರೆದದ್ದು ಕಾಣುವುದಿಲ್ಲವೇ. ನನ್ನ ಕಡೆ ತಿರುಗಿದಳು.

“ಇದ್ರ ಮ್ಯಾಲ ಹೆಸರ ಬರದೀರೇನ್ರಿ?”

ಪೂರಾ ಬರೆದಿಲ್ಲ, ಕಡೆಯ ಅಕ್ಷರ ಅಷ್ಟೇ, ಉಳಿದದ್ದು ನೀವು ಹೇಳಿದ ಮೇಲೆ ಎಂದೆ. ಹೇಳುವಾಗಲೇ ನನ್ನ ಮಾತು ನನಗೇ ಸರಿ ಎನಿಸಲಿಲ್ಲ.

“ಹಂಗಾರ ನಾ ನಮ್ಮವ್ವನ ಹೆಸರ ಗಂಗವ್ವ ಅಂತ ಇಟ್ರ, ಈ ಗಿಳಿ ಎಲ್ಲಿ ಹೋಗಬೇಕ್ರಿ?”

ಆಕೆ ಕುಂಚಿಗೆಯನ್ನು ಮಗುವಿನ ಕಾಲಹತ್ತಿರ ಇಟ್ಟು, ನಡೀಲಿ ನಿಮ್ಮದು, ಹೆಸರು ಆಗಲೇ ಬಂದೈತಲ್ಲ, ನಾ ಯಾಕ ಬೇಕು ಎಂದು ಹಿಂದೆ ಸರಿದು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಜಗಳಕ್ಕೆ ನಿಂತವಳ ದನಿಯಾಗಿರಲಿಲ್ಲ ಅದು, ಅದಕ್ಕೇ ಇನ್ನೂ ಕಷ್ಟವಾಯಿತು. ಹೊರಗೆ ಕಟ್ಟೆಯ ಮೇಲಿದ್ದ ಶಿವಪ್ಪನನ್ನು ಕರೆದರು. ಅವನು ಹೊಸ್ತಿಲಲ್ಲಿ ನಿಂತು ಅಕ್ಕನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ತಲೆ ಕೆಳಗೆ ಹಾಕಿದ. ಗಿರಿಜವ್ವ ಬಾಜೂ ಮನೆಯ ಹೆಣ್ಣುಮಗಳ ಕೈ ಹಿಡಿದು, ನೀನರ ಬಾ, ವ್ಯಾಳ್ಯಾ ಮೀರತೈತಿ ಎಂದು ಎಳೆದರು. ಬಾಣಂತಿ ಅಳತೊಡಗಿದಳು. ಎಲ್ಲರ ಕಣ್ಣು ತಿರುಗಿ ತಿರುಗಿ ನನ್ನ ಹಲಗೆಗೆ ಬರುತ್ತಿತ್ತು.

ನನಗೆ ಆಗ ಕಾಳಪ್ಪಜ್ಜನ ಮಾತು ತಲೆಗೆ ಹತ್ತಿತು. ಎದ್ದೆ. ಗೂಟ ಕೂರಿಸಲೆಂದು ಚೀಲದಲ್ಲಿ ಯಾವಾಗಲೂ ಉಳಿ ಇರುತ್ತಿತ್ತು. ಹಲಗೆಯನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟು, ಎಲ್ಲರ ಮುಂದೆ ತಾ ಕೆರೆಯತೊಡಗಿದೆ. ಮೊದಲು ಬಂಗಾರದ ಅಂಚು ಹೋಯಿತು, ಆಮೇಲೆ ಅಕ್ಷರ, ಆಮೇಲೆ ಗಿಳಿ. ಗಿರಿಜವ್ವ ಅಯ್ಯ ಅಯ್ಯ ಎಂದು ಕೈ ಹಿಡಿಯಲು ಬಂದರು. ಬಿಡ್ರಿ ಗಿರಿಜವ್ವಾರ, ಗಿಳಿ ನನ್ನದು, ನಾನೇ ಹಾರಿಸುತ್ತೇನೆ ಎಂದೆ. ಉಸುಕಿನ ಕಾಗದದಿಂದ ತಿಕ್ಕಿ, ಬರೀ ಕಟ್ಟಿಗೆಯ ಬಣ್ಣ ಬಂದ ಮೇಲೆ ಹಲಗೆಯನ್ನು ನಿಂಗವ್ವನ ಮುಂದೆ ಹಿಡಿದೆ.

“ಅಕ್ಕಾರ, ಈಗ ಇದರ ಮ್ಯಾಲ ಏನೂ ಇಲ್ಲ. ನೀವು ಹೇಳೂತನಕ ನಾ ಕುಂಚ ಅದ್ದೂದಿಲ್ಲ.”

ಆಕೆ ಹಲಗೆಯ ಮೇಲೆ ಕೈಯಾಡಿಸಿ ನೋಡಿದಳು. ಸೆರಗು ಸಿಕ್ಕಿಸಿಕೊಂಡು ತೊಟ್ಟಿಲ ಹತ್ತಿರ ಹೋದಳು. ಕುಂಚಿಗೆಯನ್ನು ಮಗುವಿನ ತಲೆಗೆ ಹಾಕಿ, ಬಗ್ಗಿ, ಕುರ್‍ರ್ ಎಂದು ಕಿವಿಯಲ್ಲಿ ಹೇಳಿದಳು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಸುನೀತಾ.”

ಗಿರಿಜವ್ವನ ಬಾಯಿ ತೆರೆದದ್ದು ಹಾಗೇ ಇತ್ತು. ನಾನು ಕೆರೆದ ಪುಡಿ ಇನ್ನೂ ನನ್ನ ತೊಡೆಯ ಮೇಲಿತ್ತು.

“ನಾ ಮನ್ಯಾಗಿಂದ ಇದ ಹೆಸರ ತಗೊಂಡ ಬಂದಿದ್ನಿ” ಎಂದಳು ನಿಂಗವ್ವ. “ಅಕ್ಕಗೋಳ ಜೋಡಿ ಕೂಗಾಕ ಬರಬೇಕಲ್ಲ. ಆದ್ರ ಇಡಾಕಿ ನಾ.”

ಆ ಮೇಲೆ ಬಿದ್ದ ಗುದ್ದುಗಳನ್ನು ನೋಡಬೇಕಿತ್ತು! ಮೊದಲ ಗುದ್ದು ಹೊಡೆದವರು ಗಿರಿಜವ್ವ. ಅತ್ತುಕೊಂಡೇ ಹೊಡೆದರು. ಎರಡು ತೊಟ್ಟಿಲ ಗುದ್ದು ಬಾಕಿ ಇತ್ತಲ್ಲ, ಮೂರನ್ನೂ ಒಮ್ಮೆಗೇ ತೀರಿಸುವವರಂತೆ ಉಳಿದವರೂ ಬಿದ್ದರು. ನಿಂಗವ್ವ ಬೆನ್ನು ಕೊಟ್ಟು ನಿಂತು ನಗುತ್ತಿದ್ದಳು, ಕಣ್ಣಲ್ಲಿ ನೀರು ಹರಿಯುತ್ತಿತ್ತು. ಬಾಗಿಲಲ್ಲಿ ನಿಂತ ಶಿವಪ್ಪನೂ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ನಾನು ಕುಂಚ ಅದ್ದಿದೆ. ಹಲಗೆ ಕೆರೆದಲ್ಲಿ ಸ್ವಲ್ಪ ತಗ್ಗಾಗಿತ್ತು, ಬೆಳಕು ಸಾಲದು, ಹುಡುಗರು ಮೈಮೇಲೆ ಬೀಳುತ್ತಿದ್ದರು. ಆದರೂ ಕೈ ಕದಲಲಿಲ್ಲ. ಮೊದಲ ಅಕ್ಷರದಿಂದ ಕಡೆಯ ತಾ ತನಕ ಒಂದೇ ಓಟದಲ್ಲಿ ಬರೆದೆ. ನಿಂಗವ್ವ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಳು. ಗಿಳೀನೂ ಇರಲಿ ಎಂದಳು. ಗಿಳಿ ಬರೆದೆ. ಕೊಕ್ಕು, ಕಣ್ಣು, ರೆಕ್ಕೆ ಆಗಿ ಬಾಲಕ್ಕೆ ಬಂದಿದ್ದೆ. ಅಷ್ಟರಲ್ಲಿ ನನ್ನ ಬೆನ್ನಿನ ನಡುವೆ ಧಪ್ಪೆಂದು ಒಂದು ಗುದ್ದು ಬಿತ್ತು. ಅಗದಿ ಜೋರು, ಬಳೆ ಒಡೆದ ಸಪ್ಪಳವೂ ಕೇಳಿಸಿತು.

“ನೀವೂ ಹೆಸರ ಇಟ್ಟೀರಲ್ರಿ” ಎಂದಳು ನಿಂಗವ್ವ.

ಕುಂಚ ಜಾರಿ ಗಿಳಿಯ ಬಾಲ ಹಲಗೆಯ ತುದಿಯವರೆಗೆ ಹೋಗಿಬಿಟ್ಟಿತ್ತು. ಕೂದಲೆಳೆಯಷ್ಟು ತಪ್ಪಿದರೂ ಒರೆಸಿ ಮತ್ತೆ ಬರೆಯುವವ ನಾನು. ಅವತ್ತು ಒರೆಸಲಿಲ್ಲ. ಹಾಗೆಯೇ ತೊಟ್ಟಿಲಿಗೆ ಸಿಕ್ಕಿಸಿದೆ. ಎರಡು ಮುಷ್ಟಿ ಗುಗ್ಗರಿ ತಿಂದು, ಬೆನ್ನು ಸವರಿಕೊಳ್ಳುತ್ತ ಬಸ್ಸು ಹತ್ತಿದೆ. ಕಲಘಟಗಿಗೆ ಬಂದವನೇ ನೆಟ್ಟಗೆ ಕಾಳಪ್ಪಜ್ಜನ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅಜ್ಜ ಕೋಲು ಹುಡುಕಿ, ಗೋಡೆ ಹಿಡಿದುಕೊಂಡು, ಮೆಲ್ಲಗೆ ಎದ್ದು ಹೊರಗೆ ಹೋದರು.

ದುಮ್ಮವಾಡದ ಸುದ್ದಿ ಸುತ್ತಲಿನ ಊರಿಗೆಲ್ಲ ಹಬ್ಬಿತು. ಅಲ್ಲಿಂದ ಮುಂದೆ ನಾನು ಹೋದ ಮನೆಗಳಲ್ಲೆಲ್ಲ ಉದ್ದ ಬಾಲದ ಗಿಳಿಯೇ ಬೇಕೆಂದು ಕೇಳಿದರು. ಗಿಳಿ ಬಾಲಕ್ಕೆ ಬಂದಾಗ ಸೋದರತ್ತೆಯಾದವಳು ಬಂದು ನನಗೊಂದು ಗುದ್ದು ಹಾಕುವುದೂ ಶಾಸ್ತ್ರದೊಳಗೇ ಸೇರಿಬಿಟ್ಟಿತು. ಎಷ್ಟು ಸವಿತಾ, ಎಷ್ಟು ಕವಿತಾ, ಎಷ್ಟು ಸುನೀತಾ ನನ್ನ ಬೆನ್ನಿನ ಮೇಲೆ ಹಾದು ಹೋದರೋ! ಶಾಲು ಸಿಕ್ಕವರು ಬಹಳ ಜನ ಇದ್ದಾರೆ. ಗುದ್ದು ಸಿಕ್ಕ ಗಂಡಸು ಈ ಕಡೆ ನಾನೊಬ್ಬನೇ.

ಮನೆಗೆ ಬಂದಿದ್ದ ಹುಡುಗಿಗೂ ಇದನ್ನೇ ಹೇಳಿ ಕಳಿಸಿದೆ. ಹೆಸರು ಬರೆಯಲು ಹೋಗುವಾಗ ಹಲಗೆ ಖಾಲಿ ಇರಲಿ ತಂಗೀ, ಬೆನ್ನು ಗಟ್ಟಿ ಇರಲಿ.